ಆಟಕ್ಕೂ ಕನ್ನಡ ಬರಲಿ

ಮೊಬೈಲ್ ಆಟಗಳ ಬಗ್ಗೆ ವಿದ್ಯಾರ್ಥಿಗಳು ಲೇಖನ ಬರೆದರೆ ಕೊನೆಗೆ 'ಸಮಯ ಹಾಳು ಮಾಡಬೇಡಿ' ಎಂದು ಮುಗಿಸುವುದು ರೂಢಿ. ಆ ಮಾತು ಸುಳ್ಳಲ್ಲ. ಆದರೂ ಯಾದಗಿರಿಯಲ್ಲಾಗಲಿ, ಶಹಾಪುರ, ಸುರಪುರದಲ್ಲಾಗಲಿ ಆಡುವವರು ಆಡುತ್ತಲೇ ಇದ್ದಾರೆ. ಹಾಗಾಗಿ ನನ್ನ ಪ್ರಶ್ನೆ ಬೇರೆ: ನಾವು ಯಾವ ಭಾಷೆಯಲ್ಲಿ ಆಡುತ್ತಿದ್ದೇವೆ? ಇಂಗ್ಲಿಷ್‌ನಲ್ಲಿ, ಕೆಲವೊಮ್ಮೆ ಹಿಂದಿಯಲ್ಲಿ. ಕನ್ನಡ ಎಲ್ಲಿದೆ?

ಆಟದ ಮಾತು ಬಿಡಿ, ಸಿನಿಮಾ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಜಪಾನಿ ಅನಿಮೇಷನ್ ಚಿತ್ರ ಭಾರತದಲ್ಲಿ ಬಿಡುಗಡೆಯಾಯಿತು. ಜಪಾನಿಯ ಜೊತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇತ್ತು. ಕನ್ನಡ ಇರಲಿಲ್ಲ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರೇ 4.37 ಕೋಟಿ. ನನ್ನಂತೆ ಮನೆಯಲ್ಲಿ ಉರ್ದು ಮಾತಾಡಿ, ಹೊರಗೆ ಕನ್ನಡ ಮಾತಾಡುವವರು ಆ ಲೆಕ್ಕದಲ್ಲಿ ಇಲ್ಲ. ಇಷ್ಟು ಜನ ಇದ್ದೂ ನಾವು ಯಾಕೆ ಗಿರಾಕಿಗಳಾಗಿ ಕಾಣುವುದಿಲ್ಲ?

ಇದಕ್ಕೆ ಒಂದು ಹಳೆಯ ಕಾರಣವಿದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರಂಥವರು ಡಬ್ಬಿಂಗ್ ಬೇಡ ಎಂದು ಹೋರಾಡಿದರು. ಆಗ ಕನ್ನಡ ಚಿತ್ರರಂಗ ಬಹಳ ಚಿಕ್ಕದು. ಪರಭಾಷೆಯ ದೊಡ್ಡ ಚಿತ್ರಗಳು ಕನ್ನಡದಲ್ಲೇ ಬಂದರೆ ನಮ್ಮ ಕಲಾವಿದರು ಉಳಿಯುವುದಿಲ್ಲ ಎಂಬ ಅವರ ಭಯ ಅಂದಿಗೆ ನ್ಯಾಯವಾದದ್ದೇ. ಆದರೆ ಬಾಗಿಲು ಮುಚ್ಚಿದ್ದರಿಂದ ಜನ ಪರಭಾಷೆಯ ಚಿತ್ರ ನೋಡುವುದನ್ನು ಬಿಡಲಿಲ್ಲ, ತೆಲುಗನ್ನು ತೆಲುಗಿನಲ್ಲೇ, ಹಿಂದಿಯನ್ನು ಹಿಂದಿಯಲ್ಲೇ ನೋಡಿದರು. ತೆಲಂಗಾಣದ ಗಡಿಗೆ ಹತ್ತಿ ಕೂತಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಕನ್ನಡ ಗ್ರಾಹಕರ ಕೂಟ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡದಲ್ಲಿ ಸ್ಟಾರ್ ಸುವರ್ಣದಲ್ಲಿ ಬಂತು. ಅಂದರೆ ಈಗ ಬಾಗಿಲು ತೆರೆದಿದೆ. ಒಳಗೆ ಬರುವವರು ಬೇಕು.

ದೊಡ್ಡ ಕಂಪನಿಗಳು ಯಾಕೆ ಬರುವುದಿಲ್ಲ ಎಂಬುದು ಕಾಮರ್ಸ್ ಓದುವವರಿಗೆ ಸುಲಭವಾಗಿ ತಿಳಿಯುತ್ತದೆ. ಅನುವಾದ, ಧ್ವನಿ, ಹಕ್ಕಿನ ಹಣ ಇವೆಲ್ಲ ಸ್ಥಿರ ವೆಚ್ಚ. ಹತ್ತು ಜನ ಕೊಂಡರೂ ಹತ್ತು ಲಕ್ಷ ಜನ ಕೊಂಡರೂ ಅದು ಅಷ್ಟೇ. ಅದಕ್ಕೆ ದೊಡ್ಡವರು ದೊಡ್ಡ ಮಾರುಕಟ್ಟೆಯನ್ನೇ ಮೊದಲು ನೋಡುತ್ತಾರೆ. ಖರ್ಚು ಕಡಿಮೆ ಇರುವ ಚಿಕ್ಕ ಸಂಸ್ಥೆಗೆ ಮಾತ್ರ ಚಿಕ್ಕ ಮಾರುಕಟ್ಟೆಯಲ್ಲೂ ಲಾಭ ಕಾಣುತ್ತದೆ.

ಅಮೆರಿಕದಲ್ಲಿ ಹೀಗೇ ಆಯಿತು. ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಎಂಬ ಸಣ್ಣ ಊರಲ್ಲಿ 1986ರಲ್ಲಿ ಶುರುವಾದ ವರ್ಕಿಂಗ್ ಡಿಸೈನ್ಸ್, ದೊಡ್ಡವರು ಕೈ ಹಾಕದ ಜಪಾನಿ ಆಟಗಳ ಹಕ್ಕು ಪಡೆದು ಇಂಗ್ಲಿಷ್‌ಗೆ ತಂದಿತು. 1993ರಲ್ಲಿ ಬಂದ 'ಲೂನಾರ್' ಅದಕ್ಕೆ ಹೆಸರು ತಂದಿತು. 1999ರಲ್ಲಿ ಅದೇ ಆಟವನ್ನು ಹೊಸ ರೂಪದಲ್ಲಿ ತಂದಾಗ ಬಟ್ಟೆಯ ನಕ್ಷೆ, ಗಟ್ಟಿ ರಟ್ಟಿನ ಕೈಪಿಡಿ, ಹಾಡಿನ ಸಿಡಿ ಎಲ್ಲ ಸೇರಿಸಿ ಕೊಟ್ಟರು. ಗಿರಾಕಿಗಳು ಕಡಿಮೆ ಇದ್ದರೂ ಅವರನ್ನು ಗೌರವದಿಂದ ನೋಡಿದರು. ಆದರೆ ಅತಿಯನ್ನೂ ಮಾಡಿದರು. ಜಪಾನಿ ಕಥೆಯೊಳಗೆ ಅಮೆರಿಕದ ರಾಜಕಾರಣಿಗಳ ಮೇಲಿನ ಜೋಕು ತುರುಕಿದರು, ಕೆಲವು ಆಟಗಳನ್ನು ಮೂಲಕ್ಕಿಂತ ಕಷ್ಟ ಮಾಡಿದರು. ಸಂಸ್ಥೆ 2005ರಲ್ಲಿ ಮುಚ್ಚಿತು. ಅಭಿಮಾನಿಗಳು ಇವತ್ತಿಗೂ ಅದನ್ನು ಹೊಗಳುತ್ತಾರೆ, ಬಯ್ಯುತ್ತಾರೆ.

ಎಷ್ಟು ಬದಲಿಸಬೇಕು ಎಂಬುದೇ ಈ ಕೆಲಸದ ಕಷ್ಟ. 'ಪೋಕೆಮಾನ್' ಕಾರ್ಟೂನಿನ ಅಮೆರಿಕನ್ ಆವೃತ್ತಿಯಲ್ಲಿ ಜಪಾನಿನ ಅನ್ನದ ಉಂಡೆ 'ಒನಿಗಿರಿ'ಯನ್ನು ಡೋನಟ್ ಎಂದರು. ಕಣ್ಣಿಗೆ ಕಾಣುವುದು ಅನ್ನ, ಕಿವಿಗೆ ಕೇಳುವುದು ಡೋನಟ್! ನಮ್ಮಲ್ಲಾದರೆ 'ಬುತ್ತಿ' ಎಂದರೆ ಸಾಕು. ಹೊಲಕ್ಕೆ ಕಟ್ಟಿಕೊಂಡು ಹೋಗುವ ಊಟವನ್ನು ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಮೂಲವೂ ಕೆಡಲಿಲ್ಲ, ಆಡುವವನಿಗೂ ತಿಳಿಯಿತು. ಇಂಥ ಮಾತು ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ನಾಲಿಗೆಯ ಮೇಲೆ ಇರಬೇಕು.

ಉರ್ದು ಮನೆಯ ಹುಡುಗರಿಗೆ ಇದರಿಂದ ಏನು ಲಾಭ ಎಂದು ಕೆಲವರು ಕೇಳಬಹುದು. ನನ್ನ ಪ್ರಕಾರ ಹೆಚ್ಚಿನ ಲಾಭ ನಮಗೇ. ಕಾರ್ಟೂನು, ಆಟ, ಸಿನಿಮಾ ಎಲ್ಲ ಹಿಂದಿಯಲ್ಲಿ ಸಿಗುವುದರಿಂದ ನಮ್ಮ ಮಕ್ಕಳಿಗೆ ಹಿಂದಿ ತಾನಾಗಿ ಬರುತ್ತದೆ. ಕನ್ನಡ ಮಾತ್ರ ಪಠ್ಯಪುಸ್ತಕದಲ್ಲಿ, ಪರೀಕ್ಷೆಯ ಹೆದರಿಕೆಯ ಜೊತೆ ಬರುತ್ತದೆ. ಆ ಹಿಂದಿಯೂ ನಮ್ಮ ಮನೆಯ ಮಾತಲ್ಲ. ಮನೆಯಲ್ಲಿ ಅಮ್ಮಿ 'ನಕ್ಕೊ' ಎನ್ನುತ್ತಾರೆ, ಟಿವಿಯಲ್ಲಿ 'ನಹೀ' ಎನ್ನುತ್ತಾರೆ. ನಾಳೆ ಕೆಪಿಎಸ್‌ಸಿ ಬರೆಯಲು ಹೋದರೆ ಕಡ್ಡಾಯ ಕನ್ನಡ ಪತ್ರಿಕೆ ಇದೆ. ಬ್ಯಾಂಕಿನಲ್ಲಿ ಕೂತರೆ ಎದುರಿಗೆ ಬರುವ ರೈತರು ಕನ್ನಡದಲ್ಲೇ ಕೇಳುತ್ತಾರೆ. ಆಡುತ್ತಾ ಕಲಿತ ಭಾಷೆಗೆ ಯಾರೂ ಹೆದರುವುದಿಲ್ಲ.

ಕನ್ನಡದ ಆಟಗಳನ್ನು ಹೊಸದಾಗಿ ಮಾಡಬೇಕು, ಬೇರೆಯವರದನ್ನು ತರುವುದು ಯಾಕೆ ಎಂಬ ವಾದವೂ ಇದೆ. ಎರಡೂ ಬೇಕು. ಆದರೆ ಹೊಸ ಆಟಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕಾಗಬಹುದು. ಅನುವಾದಕ್ಕೆ ಭಾಷೆ ಬಲ್ಲವರು ಮತ್ತು ತಾಳ್ಮೆ ಇದ್ದರೆ ಶುರು ಮಾಡಬಹುದು. 'ಮೈನ್‌ಕ್ರಾಫ್ಟ್' ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಮಾಡುತ್ತಿರುವವರು ಸಂಬಳದ ನೌಕರರಲ್ಲ, 'ಕ್ರೌಡಿನ್' ಎಂಬ ತಾಣದಲ್ಲಿ ಕೆಲಸ ಮಾಡುವ ಸ್ವಯಂಸೇವಕರು.

ನನ್ನ ಸಲಹೆ ಇಷ್ಟೇ. ನಮ್ಮ ಒಂದೇ ತರಗತಿಯಲ್ಲಿ ಉರ್ದು, ಕನ್ನಡ, ತೆಲುಗು ಮಾತಾಡುವವರಿದ್ದಾರೆ. ಎರಡು ಮೂರು ಭಾಷೆಯಲ್ಲಿ ಬದುಕುವುದನ್ನು ನಾವು ಕಷ್ಟ ಎಂದುಕೊಂಡಿದ್ದೇವೆ, ಅದು ಬಂಡವಾಳ. ಪ್ರಾಂಶುಪಾಲರು ಒಪ್ಪಿದರೆ ಶನಿವಾರ ಮಧ್ಯಾಹ್ನ ಒಂದು ಗಂಟೆ ಕಂಪ್ಯೂಟರ್ ಲ್ಯಾಬ್ ಕೊಡಲಿ, ಕನ್ನಡ ಉಪನ್ಯಾಸಕರು ಜೊತೆಗೆ ಕೂರಲಿ. ವಾರಕ್ಕೆ ಇಪ್ಪತ್ತು ಸಾಲು ಅನುವಾದ ಮಾಡೋಣ. ಇಂದು ಅಭ್ಯಾಸಕ್ಕೆ ಮಾಡಿದ್ದು ನಾಳೆ ನಮ್ಮಲ್ಲಿ ಕೆಲವರಿಗೆ ಉದ್ಯೋಗವೂ ಆಗಬಹುದು. ಆಸಕ್ತಿ ಇರುವವರು ತಮ್ಮ ಹೆಸರನ್ನು ಸಂಪಾದಕರ ಬಳಿ ಬರೆಸಿರಿ. ನನ್ನ ಹೆಸರು ಈಗಾಗಲೇ ಅಲ್ಲಿದೆ.