ಪೊಟ್ಟಣದೊಳಗೇನಿದೆ?

ಸೋಮವಾರಪೇಟೆಯ ಸಂತೆಯ ದಿನ ಕಾಫಿ ಪುಡಿ ಕೊಳ್ಳುವವರನ್ನು ಗಮನಿಸಿ. ಚಿಕೋರಿ ಎಷ್ಟು ಪಾಲು ಎಂದು ಪೊಟ್ಟಣ ತಿರುಗಿಸಿ ನೋಡದೆ ದುಡ್ಡು ಕೊಡುವವರು ನಮ್ಮಲ್ಲಿ ಕಡಿಮೆ. ಕಾನೂನೂ ಹಾಗೇ ಇದೆ: ಬೆರಕೆ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದು, ಯಾವುದು ಎಷ್ಟಿದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಲೇಬೇಕು. ಒಂದು ಲೋಟ ಕಾಫಿಗೆ ಇಷ್ಟು ಎಚ್ಚರ ವಹಿಸುವ ನಾವು, ನಮ್ಮ ಭಾಷೆಯನ್ನೇ ಒಪ್ಪಿಸಿಬಿಡುವ ತಂತ್ರಾಂಶದ ಒಳಗೇನಿದೆ ಎಂದು ಮಾತ್ರ ಕೇಳುವುದಿಲ್ಲ. ಕೇಳಿದವನನ್ನು ತಲೆಹರಟೆ ಎನ್ನುತ್ತೇವೆ.

ನನಗೆ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ನಮ್ಮವ್ವನಿಗೆ ಅರೆಭಾಷೆಯ ಸೋಬಾನೆಗಳು ರಾಶಿ ರಾಶಿ ಬರುತ್ತಿದ್ದವು. 2000ದ ಮಳೆಗಾಲದಲ್ಲಿ ಆಕೆ ಒಲೆಯ ಮುಂದೆ ಕೂತು ಹೇಳುತ್ತಾ ಹೋದಳು, ನಾನು ಪರಿಚಯದವರೊಬ್ಬರು ಪುಕ್ಕಟೆಯಾಗಿ ಹಾಕಿಕೊಟ್ಟ ಕನ್ನಡ ತಂತ್ರಾಂಶವೊಂದರಲ್ಲಿ ಟೈಪ್ ಮಾಡುತ್ತಾ ಹೋದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಆ ಕಾಲದ ಅನೇಕ ತಂತ್ರಾಂಶಗಳು ಕನ್ನಡ ಅಕ್ಷರವನ್ನು ಅಕ್ಷರವಾಗಿ ಇಡುತ್ತಿರಲಿಲ್ಲ. ತಲಕಟ್ಟು, ಕೊಂಬು, ಒತ್ತು ಎಂದು ಚೂರು ಮಾಡಿ, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಲ್ಲಿ ತಮತಮಗೆ ತೋಚಿದಂತೆ ತುಂಬಿಡುತ್ತಿದ್ದವು. ಹೆಸರಾದ ತಂತ್ರಾಂಶಗಳ ಕಡತಗಳಿಗೆ ಮುಂದೆ ಪರಿವರ್ತಕಗಳು ಬಂದವು. ನನ್ನದಕ್ಕೆ ಬರಲಿಲ್ಲ. ಮಾಡಿದವರು ಅದನ್ನು ಕೈಬಿಟ್ಟಿದ್ದರು, ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಲ್ಲ ಮೂಲ ಬರಹ, ಯಾರ ಬಳಿಯೂ ಇರಲಿಲ್ಲ. ಅವ್ವ ಹೋದಳು. ಆ ಕಡತಗಳನ್ನು ತೆರೆದರೆ ಈಗ ಕಾಣುವುದು ಡಾಲರ್ ಚಿಹ್ನೆ, ಆವರಣ, ಅಡ್ಡಗೆರೆಗಳ ಕಸ.

ಆದ್ದರಿಂದಲೇ 2024ರ ಮಳೆಗಾಲದಲ್ಲಿ ನಮ್ಮೂರ ಶಾಲೆಯವರು ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರಿಗೆ ಕನ್ನಡ ಬರೆಯುವ ಏರ್ಪಾಡು ಮಾಡಿಕೊಡಿ ಎಂದಾಗ, ನಾನು ಡೆಬಿಯನ್ ಹಾಕಿ, ಮೌಸ್‌ಪ್ಯಾಡ್ ಎಂಬ ಪುಟ್ಟ ಟೆಕ್ಸ್ಟ್ ಎಡಿಟರಿನ ಮೂಲ ಬರಹವನ್ನೇ ತರಿಸಿಕೊಂಡೆ. ಪಕ್ಕದ ತೋಟದವರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. "ಒಂದು ಕಮಾಂಡು ಹಾಕಿದರೆ ಕಟ್ಟಿದ್ದೇ ಬರುತ್ತದಲ್ಲ ಮೇಷ್ಟ್ರೇ, ನಿಮಗ್ಯಾಕೆ ಈ ಒದ್ದಾಟ?" ಎಂದ. ಬರುತ್ತದೆ, ಸುಳ್ಳಲ್ಲ. ಆದರೆ ಮೆನುವಿನ ಮಾತುಗಳು ನಮ್ಮ ಮಕ್ಕಳಿಗೆ ತಿಳಿಯುವಂತಿರಬೇಕು ಎಂಬುದು ನನ್ನ ಹಟ. 'ಅನ್‌ಡೂ' ಎಂಬುದಕ್ಕೆ 'ಮಾಡಿದ್ದು ಬೇಡ' ಎಂದು ಬರೆದೆ. ಮೂಲ ಬರಹ ಕೈಯಲ್ಲಿದ್ದರೆ ಇಂಥ ಹಟ ಸಾಧಿಸಬಹುದು.

ಕಟ್ಟುವುದೇನೂ ಬ್ರಹ್ಮವಿದ್ಯೆಯಲ್ಲ. 'ಕಾನ್ಫಿಗರ್' ಎಂಬ ಮೊದಲ ಹೆಜ್ಜೆ ಮನೆಯಲ್ಲಿ ಸಾಮಾನು ಎಲ್ಲ ಇದೆಯೇ ಎಂದು ನೋಡುತ್ತದೆ. ಜಿಟಿಕೆ ಸೋರ್ಸ್‌ವ್ಯೂ ಇಲ್ಲ ಎಂದು ಅಲ್ಲೇ ಕೂತುಬಿಟ್ಟಿತು. ಇತ್ತು; ಆದರೆ ಡೆಬಿಯನ್‌ನವರು ಓಡಿಸಲು ಬೇಕಾದ ಭಾಗ ಬೇರೆ, ಕಟ್ಟಲು ಬೇಕಾದ ಭಾಗ ಬೇರೆ ಎಂದು ಎರಡು ಪೊಟ್ಟಣ ಮಾಡಿರುತ್ತಾರೆ. ಎರಡನೆಯದನ್ನು ತರಿಸಿದ ಮೇಲೆ 'ಮೇಕ್' ಎಂದರೆ ಕಾಫಿ ಆರುವುದರೊಳಗೆ ಮುಗಿಯಿತು.

ನಿಜವಾದ ಕೆಲಸ ಆಮೇಲಿನದು. 'ಮೇಕ್ ಇನ್‌ಸ್ಟಾಲ್' ಎಂದು ಹೇಳಿ ಕೈತೊಳೆದುಕೊಂಡರೆ ಕಡತಗಳು ಲೆಕ್ಕಪತ್ರವಿಲ್ಲದೆ ಅಲ್ಲಲ್ಲಿ ಹೋಗಿ ಕೂರುತ್ತವೆ. ನಾಳೆ ತೆಗೆಯಬೇಕೆಂದರೆ ಯಾವುದು ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಪ್ಯಾಕೇಜ್ ಮಾಡಿದರೆ ಅದರ ಲೆಕ್ಕ ಉಳಿಯುತ್ತದೆ. ಏನೇನನ್ನು ನೆಚ್ಚಿಕೊಂಡಿದೆ ಎಂದು 'ಕಂಟ್ರೋಲ್' ಕಡತದಲ್ಲಿ, ಯಾವಾಗ ಯಾರು ಏನು ಬದಲಿಸಿದರು ಎಂದು 'ಚೇಂಜ್‌ಲಾಗ್'ನಲ್ಲಿ ಬರೆಯಬೇಕು. ಕಟ್ಟುವವನ ಇ-ಮೇಲಿಗೂ ತಾರೀಕಿಗೂ ನಡುವೆ ಸರಿಯಾಗಿ ಎರಡು ಖಾಲಿ ಜಾಗ ಬಿಡದಿದ್ದರೆ ಅದು ತಕರಾರು ತೆಗೆಯುತ್ತದೆ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಕಟ್ಟುನಿಟ್ಟಿನ ಗುಮಾಸ್ತನನ್ನು ನಾನು ಕಂಡಿಲ್ಲ.

ಇಲ್ಲಿ ನಮ್ಮ ಮುಕ್ತ ತಂತ್ರಾಂಶದ ಗೆಳೆಯರ ಮೇಲೂ ನನಗೆ ಸಿಟ್ಟಿದೆ. ಮೂಲ ಬರಹ ಇಟ್ಟಿದ್ದೇವೆ, ಬೇಕಾದವರು ಕಟ್ಟಿಕೊಳ್ಳಲಿ ಎನ್ನುತ್ತಾರೆ. ಕಣದಲ್ಲಿ ಹಣ್ಣು ಕಾಫಿ ಸುರಿದು, ಬಂದ ನೆಂಟರಿಗೆ ಕುಡಿಯಿರಿ ಎಂದಂತಾಯಿತು. ಪಲ್ಪರಿಗೆ ಹಾಕಿ, ಒಣಗಿಸಿ, ಹುರಿದು, ಪುಡಿ ಮಾಡುವವರು ಯಾರು? ಪ್ರೋಗ್ರಾಂ ಬರೆದವನಿಗೆ ಶಾಲು ಹೊದಿಸುತ್ತೇವೆ, ಪೊಟ್ಟಣ ಕಟ್ಟಿದವನ ಹೆಸರು ಆಮಂತ್ರಣ ಪತ್ರಿಕೆಯ ಮೂಲೆಯಲ್ಲೂ ಇರುವುದಿಲ್ಲ.

ನನ್ನ ಪೊಟ್ಟಣದ ಗತಿಯನ್ನೂ ಹೇಳಿಬಿಡುತ್ತೇನೆ. ಪೆನ್‌ಡ್ರೈವಿನಲ್ಲಿ ಒಯ್ದು ಶಾಲೆಯ ಯಂತ್ರಕ್ಕೆ ಕೊಟ್ಟರೆ ಅದು ಮುಟ್ಟಲೇ ಇಲ್ಲ. ನನ್ನ ಮನೆಯದು 64 ಬಿಟ್, ಶಾಲೆಯದು 32 ಬಿಟ್. ಮಕ್ಕಳ ಮುಂದೆ ಮುಖಭಂಗವಾಯಿತು, ಇಂಜಿನಿಯರು ನಕ್ಕ. ಆದರೆ ಮೂಲ ಬರಹವೂ ಅದೇ ಪೆನ್‌ಡ್ರೈವಿನಲ್ಲಿತ್ತು. ಜಿಪಿಎಲ್ ಎಂಬ 1989ರ ಪರವಾನಗಿಯ ಶರತ್ತೇ ಅದು: ಕಟ್ಟಿದ್ದನ್ನು ಕೊಡುವವನು ಮೂಲವನ್ನೂ ಕೊಡಬೇಕು. ಮೊಬೈಲಿನ ಇಂಟರ್‌ನೆಟ್ಟಿನಿಂದ ಬೇಕಾದ ಸಾಮಾನು ತರಿಸಿ, ಅದೇ ಮುದಿ ಯಂತ್ರದ ಮೇಲೆ ಮತ್ತೆ ಕಟ್ಟಿದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಸಂಜೆಗೆ ಹುಡುಗಿಯೊಬ್ಬಳು ತನ್ನ ಹೆಸರು ಬರೆದು, 'ಮಾಡಿದ್ದು ಬೇಡ' ಒತ್ತಿ, ಅಳಿಸಿಹೋದದ್ದು ಕಂಡು ಕುಣಿದಳು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಇಂಥ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ಏರ್ಪಾಡನ್ನು ನಿಲ್ಲಿಸಿತು. ಕಟ್ಟಿದ ಪೊಟ್ಟಣವನ್ನಷ್ಟೇ ನಂಬಿದವರು ಇನ್ನು ಯಾರ ಬಾಗಿಲು ತಟ್ಟಬೇಕು?

ನಮ್ಮಂತೆಯೇ ಕಾಫಿ ಗಿಡಗಳ ನಡುವೆ, ಅತ್ತ ಮೂಡಿಗೆರೆಯಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುನ್ನ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ್ದರು. ಈಗ ತಂತ್ರಾಂಶಗಳಿಗೆ ಬರವಿಲ್ಲ. ನನ್ನ ಬೇಡಿಕೆ ಇಷ್ಟು: ಸಾರ್ವಜನಿಕರ ಹಣದಲ್ಲಿ ಕನ್ನಡಕ್ಕೆಂದು ಏನೇ ಮಾಡಿಸಲಿ, ಅದರ ಮೂಲ ಬರಹ, ಅದನ್ನು ಕಟ್ಟುವ ಕ್ರಮ, ಅದು ನೆಚ್ಚಿಕೊಂಡಿರುವ ಸಾಮಾನುಗಳ ಪಟ್ಟಿ, ಮೂರೂ ಜೊತೆಗಿರಬೇಕು. ಕಟ್ಟುವ ಕ್ರಮವನ್ನು ಕನ್ನಡದಲ್ಲೇ ಬರೆದಿರಬೇಕು. ಬಿಡುಗಡೆಯ ಸಮಾರಂಭಕ್ಕೆ ಮೊದಲು, ಅದನ್ನು ಮಾಡದ ಇನ್ನೊಬ್ಬರ ಕೈಯಲ್ಲಿ, ಇನ್ನೊಂದು ಯಂತ್ರದ ಮೇಲೆ, ಒಮ್ಮೆ ಕಟ್ಟಿಸಿ ನೋಡಬೇಕು.