ಅರಿಯದ ನುಡಿಯ ಆಟ

ಆಟವೆಂದೊಡನೆ ಅದು ಕಾಲಹರಣವೆಂದು ಹಿರಿಯರು ಹುಬ್ಬುಗಂಟಿಕ್ಕುವುದುಂಟು. ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟವಾದರಂತೂ ಹೇಳುವುದೇ ಬೇಡ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಎಲ್ಲ ಆಟಗಳೂ ಒಂದೇ ಜಾತಿಯವಲ್ಲ. ಚಿತ್ರವಿಲ್ಲದೆ, ಸದ್ದಿಲ್ಲದೆ, ಬರಿಯ ಬರವಣಿಗೆಯಿಂದ ನಡೆಯುವ ಸಾಹಸದ ಆಟಗಳಿವೆ. ಅವುಗಳಲ್ಲಿಯೂ, ಯಾರೂ ಆಡದ ಮತ್ತು ಯಾವ ನಿಘಂಟಿನಲ್ಲಿಯೂ ದೊರೆಯದ ಕಲ್ಪಿತ ಭಾಷೆಯೊಂದನ್ನು ಬಿಡಿಸಿಕೊಳ್ಳುತ್ತ ಮುಂದುವರಿಯಬೇಕಾದ ಕೆಲವು ಆಟಗಳಿವೆ. ಇವು ವಿದ್ಯಾರ್ಥಿಗೆ ಪ್ರಯೋಗಶಾಲೆಯಷ್ಟೇ ಉಪಯುಕ್ತವೆಂದೂ, ಹುಬ್ಬಳ್ಳಿ-ಧಾರವಾಡದಂತಹ ವಿದ್ಯಾಕೇಂದ್ರದಲ್ಲಿ ಇವನ್ನು ಕನ್ನಡದಲ್ಲಿಯೇ ರಚಿಸುವ ಉದ್ಯಮ ನಡೆಯಬೇಕೆಂದೂ ನಮ್ಮ ಅಭಿಪ್ರಾಯ.

ಈ ಆಟಗಳ ಮೂಲಪುರುಷನೆಂದರೆ ಅಮೆರಿಕದ ವಿಲ್ ಕ್ರೌಥರ್. ವೃತ್ತಿಯಿಂದ ಈತನು ಕಂಪ್ಯೂಟರ್ ತಂತ್ರಜ್ಞ. ಹವ್ಯಾಸದಿಂದ ಗುಹೆಗಳ ಅನ್ವೇಷಕ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ಕಂಡುದನ್ನು ಆಧರಿಸಿ 1976ರ ಸುಮಾರಿಗೆ ಈತನು ಒಂದು ಆಟವನ್ನು ರಚಿಸಿದನು. ಮರುವರ್ಷ ಡಾನ್ ವುಡ್ಸ್ ಎಂಬವನು ಅದನ್ನು ಬೆಳೆಸಿದನು. ಯಂತ್ರವು "ನೀನು ಇಂತಹ ಸ್ಥಳದಲ್ಲಿರುವೆ" ಎಂದು ಬರೆದು ತೋರಿಸುವುದು. ಆಡುವವನು "ಉತ್ತರಕ್ಕೆ ಹೋಗು", "ದೀಪ ಹಚ್ಚು" ಎಂಬಂತೆ ಅಪ್ಪಣೆಯನ್ನು ಬರೆಯುವನು. ಅದರಿಂದಾದ ಪರಿಣಾಮವನ್ನು ಯಂತ್ರವು ಮತ್ತೆ ಬರೆದು ತಿಳಿಸುವುದು. ಆಟದ ಸ್ವರೂಪ ಇಷ್ಟೇ.

ಮುಂದೆ ಕೆಲವರು ಇದಕ್ಕೆ ಹೊಸದೊಂದು ತಿರುವನ್ನು ಕೊಟ್ಟರು. 2001ರಲ್ಲಿ ಕಾರ್ಲ್ ಮಕನ್‌ಹೌಪ್ಟ್ ರಚಿಸಿದ 'ದಿ ಗೋಸ್ಟಾಕ್' ಎಂಬ ಆಟದಲ್ಲಿ ವಾಕ್ಯಗಳ ಅಸ್ಥಿಪಂಜರ ಮಾತ್ರ ಇಂಗ್ಲಿಷಿನದು. ನಾಮಪದ ಕ್ರಿಯಾಪದಗಳೆಲ್ಲ ಕಲ್ಪಿತವಾದವು. ಯಂತ್ರಕ್ಕೆ ಯಾವ ಅಪ್ಪಣೆಯನ್ನು ಕೊಡಬಹುದೆಂಬುದೂ ಮೊದಲಿಗೆ ತಿಳಿಯದು. 2007ರಲ್ಲಿ ಡೇವಿಡ್ ಫಿಶರ್ ರಚಿಸಿದ 'ಸುವೇ ನಕ್ಸ್' ಆಟದಲ್ಲಿ ಮಾಂತ್ರಿಕನೊಬ್ಬನ ಕೋಣೆಯೊಳಗೆ ಸಿಕ್ಕಿಬಿದ್ದವನು ಮಂತ್ರಭಾಷೆಯನ್ನು ಕಲಿತು ಹೊರಬರಬೇಕು. ಶಬ್ದಗಳನ್ನು ಬಗೆಬಗೆಯಾಗಿ ಜೋಡಿಸಿ ನುಡಿಯುವುದು, ಏನಾಗುವುದೆಂದು ನೋಡುವುದು, ಇದೊಂದೇ ಅವನಿಗಿರುವ ದಾರಿ.

ಇದರಿಂದ ಬುದ್ಧಿಗೆ ಏನು ಲಾಭವೆಂದು ಕೇಳಬಹುದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನೀವು "ದೀಪ ಹಚ್ಚು" ಎಂದು ಬರೆದಿರಿ. ಯಂತ್ರವು "ನೂಬ ಕಿಟೊ" ಎಂದು ಉತ್ತರವಿತ್ತಿತು. ದೀಪ ಉರಿಯಿತೆಂದು ಇದರ ಅರ್ಥವೆ? "ಬೆಳಕಾಯಿತು" ಎಂದಿರಬಾರದೇಕೆ? ಊಹೆ ಎಷ್ಟು ಬೇಕಾದರೂ ಹುಟ್ಟಬಹುದು. ಆದುದರಿಂದ ಒಲೆಯನ್ನು ಹಚ್ಚಿ ನೋಡುತ್ತೀರಿ. "ಪೆಲ ಕಿಟೊ" ಎಂಬ ಉತ್ತರ ಬರುತ್ತದೆ. 'ಕಿಟೊ' ಎಂದರೆ ಉರಿಯಿತು, 'ನೂಬ' ಎಂದರೆ ದೀಪ ಎಂಬ ಊಹೆಗೆ ಈಗ ಬಲ ಬಂದಿತು. ದೀಪವನ್ನು ಆರಿಸಿದಾಗ "ನೂಬ ಕಿಟೊಸ" ಎಂದಾಯಿತು. ಹಾಗಾದರೆ ಕೊನೆಯ 'ಸ' ನಿಷೇಧಾರ್ಥದ ಪ್ರತ್ಯಯವೆ? ಒಲೆಯನ್ನೂ ಆರಿಸಿ, ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ಬಾಗಿಲು ಮುಚ್ಚಿದಾಗ 'ಸ' ಕಾಣದಿದ್ದರೆ ಊಹೆಯನ್ನು ತಿದ್ದಿಕೊಳ್ಳಲೇಬೇಕು. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಇಟ್ಟು ಪರೀಕ್ಷಿಸುವ ಈ ಕ್ರಮವೇ ಅಲ್ಲವೆ ಪ್ರಯೋಗವಿಜ್ಞಾನದ ಜೀವಾಳ? ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಓದಿ ಉತ್ತರವನ್ನು ಬಾಯಿಪಾಠ ಮಾಡುವವನಿಗೆ ಈ ಆಟದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು.

ಲಿಪಿಗಳನ್ನು ಓದಿದ ಮಹನೀಯರು ನಡೆದ ದಾರಿಯೂ ಇದೇ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿದನು. ಸಾಂಚಿಯ ಸ್ತೂಪದಲ್ಲಿದ್ದ ಚಿಕ್ಕ ಚಿಕ್ಕ ಬರಹಗಳು ಬಹುಮಟ್ಟಿಗೆ ಒಂದೇ ಎರಡಕ್ಷರಗಳಿಂದ ಕೊನೆಗೊಳ್ಳುವುದು ಅವನ ಕಣ್ಣಿಗೆ ಬಿದ್ದಿತು. ಇವು ಭಕ್ತರು ಕೊಟ್ಟ ಕೊಡುಗೆಗಳ ಬರಹಗಳಿರಬೇಕು; ಕೊನೆಯ ಶಬ್ದ 'ದಾನಂ' ಆಗಿರಬೇಕು; ಅದರ ಹಿಂದಿನ ಅಕ್ಷರ ಷಷ್ಠೀ ವಿಭಕ್ತಿಯ 'ಸ' ಆಗಿರಬೇಕು ಎಂದು ಅವನು ತರ್ಕಿಸಿದನು. ಆ ಅಕ್ಷರಗಳನ್ನು ಬೇರೆ ಬರಹಗಳಿಗೆ ಹಚ್ಚಿ ನೋಡಿದಾಗ ಅಲ್ಲಿಯೂ ಅರ್ಥ ಹೊರಟಿತು. ಆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ'ನು ಅಶೋಕನೇ ಎಂಬುದು ಸಿಂಹಳದ ಗ್ರಂಥಗಳ ಆಧಾರದಿಂದ ಮಾಡಿದ ಅನುಮಾನವಾಗಿದ್ದಿತು. ಎಪ್ಪತ್ತೆಂಟು ವರ್ಷಗಳ ತರುವಾಯ, 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಆ ಬಿರುದಿನ ಜೊತೆಯಲ್ಲಿಯೇ ಅಶೋಕನ ಹೆಸರು ದೊರೆಯಿತು. ಅನುಮಾನವು ಸಿದ್ಧಾಂತವಾಯಿತು.

ಇದಕ್ಕೆ ಪ್ರತಿಯಾಗಿ ಸಿಂಧೂ ಕಣಿವೆಯ ಮುದ್ರೆಗಳನ್ನು ನೋಡಿರಿ. ಅವುಗಳ ಬರಹಗಳಲ್ಲಿ ಸರಾಸರಿ ಐದೇ ಚಿಹ್ನೆಗಳು. ಎರಡು ಭಾಷೆಗಳಲ್ಲಿ ಬರೆದ ಶಾಸನ ಒಂದೂ ಸಿಕ್ಕಿಲ್ಲ. ಅವನ್ನು ಓದಿದೆವೆಂದು ಹಲವರು ಸಾರಿದ್ದಾರೆ. ಒಬ್ಬರ ಓದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ತಪ್ಪಿದಾಗ "ತಪ್ಪು" ಎನ್ನುವ ಸಾಕ್ಷಿ ಇಲ್ಲದ ಕಡೆ ಯಾವ ಊಹೆಯೂ ಸೋಲುವುದಿಲ್ಲ. ಸೋಲದ ಊಹೆಗೆ ಗೆಲುವೂ ಇಲ್ಲ. ಆಟದಲ್ಲಿ ಯಂತ್ರವೇ ನಿಷ್ಠುರ ಸಾಕ್ಷಿ. ಅದು ನಿಮ್ಮ ಪಾಂಡಿತ್ಯಕ್ಕೆ ಮರುಳಾಗದು. ಎಳೆಯ ವಯಸ್ಸಿನಲ್ಲಿಯೇ ಇಂತಹ ಸಾಕ್ಷಿಯ ಎದುರು ನಿಂತು ಅಭ್ಯಾಸವಾದವನು ಮುಂದೆ ಆಧಾರವಿಲ್ಲದ ಮಾತನ್ನು ಸುಲಭವಾಗಿ ನಂಬಲಾರನು, ಆ ಮಾತು ತನ್ನ ನಾಡಿನ ಹೆಮ್ಮೆಯನ್ನು ಹೆಚ್ಚಿಸುವಂತಹುದಾದರೂ ಸಹ.

ಕನ್ನಡವು ಇಂತಹ ಆಟಕ್ಕೆ ಹೇಳಿ ಮಾಡಿಸಿದಂತಹ ಭಾಷೆ. "ಜಬಳನು ಮಲಟೆಗಳನ್ನು ದೊಂಟಿಸಿದನು" ಎಂಬ ವಾಕ್ಯವನ್ನು ಓದಿರಿ. ಇಲ್ಲಿಯ ಮೂರು ಶಬ್ದಗಳಿಗೂ ಅರ್ಥವಿಲ್ಲ. ಆದರೂ ಜಬಳನು ಒಬ್ಬ ಗಂಡಸು, ಮಲಟೆಗಳು ಅನೇಕ, ದೊಂಟಿಸುವ ಕೆಲಸ ಮುಗಿದುಹೋಗಿದೆ ಎಂಬುದು ಸ್ಪಷ್ಟವಾಗಿದೆ. ಶಬ್ದಗಳ ಸ್ಥಾನವನ್ನು ಅದಲುಬದಲು ಮಾಡಿದರೂ ದೊಂಟಿಸಿದವನು ಜಬಳನೇ. ಇಂಗ್ಲಿಷಿನಲ್ಲಿ ಹಾಗೆ ಮಾಡಿದರೆ ಕರ್ತೃ ಕರ್ಮಗಳೇ ತಿರುಗುಮುರುಗಾದಾವು. ವ್ಯಾಕರಣದ ತರಗತಿಯಲ್ಲಿ ಒಣ ಕಟ್ಟಿಗೆಯಂತೆ ತೋರುವ ವಿಭಕ್ತಿಪ್ರತ್ಯಯಗಳು ಈ ಆಟದಲ್ಲಿ ಬೀಗ ತೆರೆಯುವ ಸಾಧನಗಳಾಗುತ್ತವೆ.

ಆದರೆ ಈ ಗುಣವೇ ಆಟವನ್ನು ರಚಿಸುವವನಿಗೆ ತೊಡಕಾಗಿಯೂ ಪರಿಣಮಿಸುತ್ತದೆ. "ಬಾಗಿಲು ತೆರೆ", "ಬಾಗಿಲನ್ನು ತೆರೆ" ಎರಡೂ ಒಂದೇ ಎಂದು ಯಂತ್ರಕ್ಕೆ ಕಲಿಸಬೇಕು. ಸಂಧಿಯನ್ನು ಬಿಡಿಸಲು, ಪ್ರತ್ಯಯವನ್ನು ಕಳಚಲು ಕಲಿಸಬೇಕು. ಅಷ್ಟೇ ಸಾಲದು. ಹುಬ್ಬಳ್ಳಿಯ ಹುಡುಗ "ಬಾಗಲಾ ತಗಿ" ಎಂದು ಬರೆದಾನು, 'ಬೀಗ'ಕ್ಕೆ 'ಕೀಲಿ' ಎಂದಾನು, "ಅಲ್ಲೇನೈತಿ?" ಎಂದು ಕೇಳಿಯಾನು. ಆಗ ಯಂತ್ರವು "ತಿಳಿಯಲಿಲ್ಲ" ಎಂದರೆ, ತನ್ನ ತಾಯಿನುಡಿಯೇ ಅವನಿಗೆ ತಪ್ಪೆನಿಸಲಾರದೆ? ಪಠ್ಯಪುಸ್ತಕದ ಭಾಷೆಯನ್ನಷ್ಟೇ ಬಲ್ಲ ಯಂತ್ರಕ್ಕೆ ನಮ್ಮ ಆಡುಮಾತೇ ಅರಿಯದ ನುಡಿ. ಅದನ್ನು ಆ ಯಂತ್ರಕ್ಕೆ ಬಿಡಿಸಿ ಹೇಳಬೇಕಾದವರು ಈ ಮಾತನ್ನಾಡುವ ನಾವೇ ಹೊರತು ಬೇರೆಯವರಲ್ಲ.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಅವಳಿನಗರದಲ್ಲಿ ಕೂಡಿಬಂದಿದೆ. 1939ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು ಈ ಭಾಗದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭಾಷೆಯನ್ನು ಬಲ್ಲವರಿದ್ದಾರೆ. 2015 ಮತ್ತು 2016ರಲ್ಲಿ ಆರಂಭವಾದ ಐಐಐಟಿ, ಐಐಟಿಗಳಲ್ಲಿ ಯಂತ್ರವನ್ನು ಬಲ್ಲವರಿದ್ದಾರೆ. ಈ ಎರಡು ವರ್ಗದ ವಿದ್ಯಾರ್ಥಿಗಳು ಒಂದೆಡೆ ಕುಳಿತರೆ ಆಟದ ಜೊತೆಗೆ ಪಾಂಡಿತ್ಯವೂ ಬೆಳೆದೀತು. ಇದು ಕೇವಲ ಮಕ್ಕಳಾಟವೆಂದು ಯಾರೂ ಭಾವಿಸಬೇಕಾದುದಿಲ್ಲ. ಅರಿಯದ ಭಾಷೆಗಳ ಸಮಸ್ಯೆಗಳನ್ನು ಬಿಡಿಸುವ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ಸ್ಪರ್ಧೆ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿಯೇ 2003ರಿಂದ ನಡೆಯುತ್ತಿದೆ. 2016ರಲ್ಲಿ ಅದು ನಮ್ಮ ಮೈಸೂರಿನಲ್ಲಿಯೇ ಜರುಗಿತು.

ಅಲ್ಲಿಯವರೆಗೆ ಕಾಯಬೇಕಾದುದೂ ಇಲ್ಲ. ಕಂಪ್ಯೂಟರಿಲ್ಲದ ಹಳ್ಳಿಯ ಶಾಲೆಯಲ್ಲಿಯೂ ಈ ಆಟ ಸಾಧ್ಯ. ಒಬ್ಬನು ಇಪ್ಪತ್ತು ಶಬ್ದಗಳನ್ನೂ ಮೂರು ಪ್ರತ್ಯಯಗಳನ್ನೂ ಕಲ್ಪಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡು ಯಂತ್ರದ ಪಾತ್ರ ವಹಿಸಲಿ. ಇನ್ನೊಬ್ಬನು ಕನ್ನಡದಲ್ಲಿ ಅಪ್ಪಣೆ ಕೊಡುತ್ತ ಹೋಗಲಿ. ನಿಯಮ ಎರಡೇ: ಯಂತ್ರವಾದವನು ತನ್ನ ಚೀಟಿಗೆ ವಿರುದ್ಧವಾಗಿ ಉತ್ತರಿಸಕೂಡದು, ಆಡುವವನು ಪ್ರತಿಯೊಂದು ಊಹೆಯನ್ನೂ, ಅದನ್ನು ಕೈಬಿಟ್ಟ ಕಾರಣವನ್ನೂ ಬರೆದಿಡಬೇಕು. ಆಟ ಮುಗಿದ ಮೇಲೆ ಆ ಹಾಳೆಯನ್ನು ಓದಿ ನೋಡಿರಿ. ಗೆದ್ದ ಊಹೆಗಳಿಗಿಂತ ಹೊಡೆದುಹಾಕಿದ ಊಹೆಗಳೇ ಅಲ್ಲಿ ಹೆಚ್ಚಾಗಿರುತ್ತವೆ. ವಿಜ್ಞಾನವು ಬೆಳೆದುಬಂದ ಬಗೆಯೂ ಅದೇ.