ಗಣಿಗಾರನಿಗೆ ಗಂಡಾಂತರ, ದರೋಡೆಕೋರನಿಗೆ ವಿಮೆ

ಅಂತರ್ಜಾಲದ ಆಟಗಳ ವಿಚಾರದಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಎರಡೇ ಮಾತು ಕೇಳಿಬರುತ್ತವೆ. ಒಂದು, ಮಕ್ಕಳು ಕೆಟ್ಟುಹೋದರು. ಇನ್ನೊಂದು, ಹೋಗಲಿ ಬಿಡಿ, ಆಟ ತಾನೆ. ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾನೂನು ಮಾಡಿದ ಮೇಲಂತೂ ಚರ್ಚೆ ಮುಗಿಯಿತೆಂದು ಎರಡು ಪಕ್ಷದವರೂ ಕೈ ತೊಳೆದುಕೊಂಡಿದ್ದಾರೆ. ನನ್ನ ತಕರಾರು ಬೇರೆ. ಬಹಳ ಜನ ಕೂಡಿ ಆಡುವ ಕೆಲವು ಆಟಗಳ ಒಳಗೆ ಒಂದು ಊರೇ ಇದೆ. ಅಲ್ಲಿ ಕಮ್ಮಾರನಿದ್ದಾನೆ, ಗಣಿ ತೋಡುವವನಿದ್ದಾನೆ, ಗಾಯಕ್ಕೆ ಮದ್ದು ಹಾಕುವವನಿದ್ದಾನೆ, ಸರಕು ಸಾಗಿಸುವವನಿದ್ದಾನೆ, ದಾರಿ ಕಾದು ದೋಚುವವನೂ ಇದ್ದಾನೆ. ಇವರಲ್ಲಿ ಅಪಾಯ ಯಾರ ತಲೆಗೆ, ಲಾಭ ಯಾರ ಜೇಬಿಗೆ ಎಂದು ಒಬ್ಬ ತಂದೆತಾಯಿಯೂ ಕೇಳಿದ್ದನ್ನು ನಾನು ಕಂಡಿಲ್ಲ.

ಆಟ ಕಟ್ಟುವವರದು ಒಂದು ಸೂತ್ರವಿದೆ: ಹೆಚ್ಚು ಅಪಾಯಕ್ಕೆ ಹೆಚ್ಚು ಪ್ರತಿಫಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದು ನಡೆಯುವ ಬಗೆ ನೋಡಿ. ಐಸ್‌ಲ್ಯಾಂಡಿನ ಕಂಪೆನಿಯೊಂದು 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಆಟ ಆಕಾಶದಲ್ಲಿ ನಡೆಯುವಂಥದು. ಅದಿರು ಅಗೆಯುವ ಹಡಗು, ಸಾಗಿಸುವ ಹಡಗು, ಕಾದಾಡುವ ಹಡಗು, ಎಲ್ಲ ಉಂಟು. ಸುರಕ್ಷಿತವೆಂದು ಹೆಸರಾದ ಪ್ರದೇಶದಲ್ಲಿ ಆಟದ್ದೇ ಪೊಲೀಸ್ ಪಡೆ ಇದೆ. ಆದರೆ ಈ ಪೊಲೀಸರು ಕಾಯುವವರಲ್ಲ, ಆಮೇಲೆ ದಂಡಿಸುವವರು. ದರೋಡೆಕೋರರು ಅಗ್ಗದ ಹಡಗುಗಳಲ್ಲಿ ಗುಂಪಾಗಿ ಬರುತ್ತಾರೆ. ಪೊಲೀಸರು ಬಂದು ಮುಟ್ಟುವಷ್ಟರಲ್ಲಿ ಗಣಿಗಾರನ ದುಬಾರಿ ಹಡಗನ್ನು ಪುಡಿ ಮಾಡುತ್ತಾರೆ. ಅವರ ಅಗ್ಗದ ಹಡಗೂ ಹೋಗುತ್ತದೆ, ಸರಿ. ಚೆಲ್ಲಿದ ಸರಕನ್ನು ಬಾಚಿಕೊಳ್ಳಲು ಜೊತೆಗಾರನೊಬ್ಬ ಮರೆಯಲ್ಲಿ ನಿಂತೇ ಇರುತ್ತಾನೆ. ಇದಕ್ಕಿಂತ ಸೊಗಸು ಇನ್ನೊಂದುಂಟು: 2011ರವರೆಗೂ, ಅಪರಾಧಕ್ಕಾಗಿ ಪೊಲೀಸರೇ ಒಡೆದ ಹಡಗಿಗೂ ವಿಮೆ ಹಣ ಸಿಗುತ್ತಿತ್ತು! ಎಂಟು ವರ್ಷ ಬೇಕಾಯಿತು ಸ್ವಾಮಿ, ಈ ವಿಚಿತ್ರವನ್ನು ನಿಲ್ಲಿಸಲು.

ದೋಚುವವನೂ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನಲ್ಲ, ಲಾಭ ಅವನಿಗೆ ನ್ಯಾಯವೇ ಎನ್ನುವವರಿದ್ದಾರೆ. ಒಡ್ಡಿಕೊಳ್ಳುತ್ತಾನೆ, ಒಪ್ಪೋಣ. ಆದರೆ ಯಾವ ಹೊತ್ತಿಗೆ, ಎಲ್ಲಿ, ಎಷ್ಟು ಎಂಬುದನ್ನು ಅವನೇ ಗೊತ್ತುಮಾಡುತ್ತಾನೆ. ಗಣಿಗಾರನಿಗೆ ಆ ಆಯ್ಕೆ ಇಲ್ಲ. ತಾನಾಗಿ ಆರಿಸಿಕೊಂಡ ಅಪಾಯವನ್ನೂ ಹೊಟ್ಟೆಪಾಡಿಗೆ ಹೊತ್ತ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮೋಸ.

ಅಪಾಯಕ್ಕೆ ತಕ್ಕ ಫಲ ತಾನಾಗಿ ಬರುವುದಾಗಿದ್ದರೆ ನಮ್ಮ ಕೋಲಾರದ ಕತೆ ಬೇರೆಯಾಗುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳ. ಆ ಕಾವಿನಲ್ಲಿ, ಬಂಡೆ ಯಾವಾಗ ಸಿಡಿಯುವುದೋ ಎಂಬ ಭಯದಲ್ಲಿ ದುಡಿದವರ ಮಕ್ಕಳು, 2001ರಲ್ಲಿ ಗಣಿ ಮುಚ್ಚಿದ ಮೇಲೆ, ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಾದರು. ರೈಲಿನ ಮಾತು ನಮಗೆ ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 9ರಂದು ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲುಗಳಿಂದ ಬಿದ್ದು ಸತ್ತವರಿಗೆ ಅಪಾಯದ ಭತ್ಯೆ ಎಂದು ಯಾರು ಏನು ಕೊಡುತ್ತಿದ್ದರು?

ಹಾಗಾದರೆ ಆಟದಿಂದ ಅಪಾಯವನ್ನೇ ತೆಗೆದುಬಿಡಬೇಕೆ? ಬೇಡ. ಅದನ್ನೂ ಮಾಡಿ ನೋಡಿದವರಿದ್ದಾರೆ. 1997ರ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಪೇಟೆಯ ಗಡಿ ದಾಟಿದ ಗಣಿಗಾರನನ್ನು ಇತರ ಆಟಗಾರರೇ ಕೊಂದು ಸುಲಿಯುತ್ತಿದ್ದರು. ಗೋಳು ತಾಳಲಾರದೆ 2000ದಲ್ಲಿ ಕಂಪೆನಿಯವರು ಆ ಲೋಕವನ್ನೇ ಎರಡು ಮಾಡಿದರು: ಒಂದರಲ್ಲಿ ಕೊಲೆಗೆ ಅವಕಾಶ, ಇನ್ನೊಂದರಲ್ಲಿ ಇಲ್ಲ. ಬಹುಪಾಲು ಜನ ಗಂಟುಮೂಟೆ ಕಟ್ಟಿ ಸುಖದ ಕಡೆಗೇ ಹೊರಟರು. ಹಳೆಯ ಲೋಕ ಬಿಕೋ ಎಂದಿತು. ಹೊಸದರಲ್ಲಿ ರುಚಿಯಿಲ್ಲವೆಂದು ಹಳಬರು ಇಂದಿಗೂ ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ಸತ್ಯವಿಲ್ಲದಿಲ್ಲ. ಕೊನೆಗೆ, ಅಪಾಯದ ಲೋಕದಲ್ಲಿ ಅಗೆದವನಿಗೆ ಎರಡರಷ್ಟು ಅದಿರು ಎಂಬ ನಿಯಮ ಬಂತು. ಇದು ಬುದ್ಧಿವಂತರ ದಾರಿ. ಅಪಾಯ ಉಳಿಯಲಿ, ಆದರೆ ಹೊತ್ತವನಿಗೇ ಅದರ ಬೆಲೆ ಸಲ್ಲಲಿ.

ಇಂಥದು ಆಗುವ ಹೋಗುವ ಮಾತಲ್ಲ ಎನ್ನುವವರು ವಾಶಿಯ ಎಪಿಎಂಸಿ ಮಾರುಕಟ್ಟೆಯನ್ನೊಮ್ಮೆ ಸುತ್ತಿ ಬರಲಿ. ಬೆನ್ನು ಮುರಿಯುವಂತೆ ಮೂಟೆ ಹೊರುವವನಿಗೆ ಭವಿಷ್ಯನಿಧಿಯಾಗಲಿ ರಜೆಯಾಗಲಿ ಇರಲಿಲ್ಲ. ಅಣ್ಣಾಸಾಹೇಬ ಪಾಟೀಲರಂಥವರ ಹೋರಾಟದಿಂದ 1969ರಲ್ಲಿ ಮಾಥಾಡಿ ಕಾನೂನು ಬಂತು. ಕೂಲಿಯ ಜೊತೆಗೆ ಇಂತಿಷ್ಟು ಎಂದು ಮಾಲೀಕರು ಮಂಡಳಿಗೆ ಕಟ್ಟಬೇಕು. ಹೊರುವವನ ಭವಿಷ್ಯನಿಧಿ, ಗ್ರಾಚ್ಯುಯಿಟಿ ಅದರಿಂದ ನಡೆಯಬೇಕು. ಆ ವ್ಯವಸ್ಥೆಯಲ್ಲೂ ಹುಳುಕುಗಳು ಉಂಟು, ಇಲ್ಲವೆನ್ನಲಾರೆ. ಆದರೂ ಆಟದ ಊರಿನ ಕಮ್ಮಾರನಿಗೆ ಅಷ್ಟಾದರೂ ಏಕಿಲ್ಲ? ಅವನು ತಟ್ಟಿದ ಕತ್ತಿಯಿಂದ ಗೆದ್ದ ಕೊಳ್ಳೆಯಲ್ಲಿ ಒಂದು ಪಾಲು ಅವನ ಕುಲುಮೆಗೆ ಬರುವಂತೆ ಮಾಡುವುದು ಆಟ ಬರೆಯುವವರಿಗೆ ಎಷ್ಟರ ಕೆಲಸ?

ನಮ್ಮ ಹುಡುಗರು ಹೆಚ್ಚಾಗಿ ಆಡುವುದು ಇಂಥ ದೊಡ್ಡ ಊರುಗಳ ಆಟವನ್ನಲ್ಲ, ಪಬ್‌ಜಿಯನ್ನು 2020ರಲ್ಲಿ ನಿಷೇಧಿಸಿದ ಮೇಲೆ 2021ರಲ್ಲಿ ಬಂದ ಬಿಜಿಎಂಐಯನ್ನು. ನಾಲ್ವರ ತಂಡ. ಅಲ್ಲೂ ಒಬ್ಬ ನುಗ್ಗುವವನು, ಒಬ್ಬ ಬೆನ್ನಿಗೆ ನಿಲ್ಲುವವನು. ಬಿದ್ದ ಗೆಳೆಯನನ್ನು ಎಬ್ಬಿಸುವವನು ಅಷ್ಟು ಹೊತ್ತು ಬಂದೂಕು ಮುಟ್ಟದೆ ಬಗ್ಗಿ ಕೂರಬೇಕು. ಗುಂಡಿಗೆ ಅದಕ್ಕಿಂತ ಸುಲಭದ ಗುರಿಯಿಲ್ಲ. ಪಂದ್ಯಾವಳಿಗಳ ಲೆಕ್ಕದಲ್ಲಿ ತಂಡದ ಸ್ಥಾನಕ್ಕೆ ಅಂಕ, ಕೆಡವಿದ ಪ್ರತಿ ಎದುರಾಳಿಗೆ ಒಂದು ಅಂಕ. ಎಬ್ಬಿಸಿದವನಿಗೆ ಸೊನ್ನೆ.

ನಮ್ಮ ಕನ್ನಡ ಸಂಘಗಳ ಯುವ ವಿಭಾಗದವರು ಕೇರಂ, ಕ್ರಿಕೆಟ್ ಪಂದ್ಯಗಳ ಜೊತೆಗೆ ಈ ಆಟದ ಪಂದ್ಯವನ್ನೂ ಇಡಬೇಕೆಂದರೆ ಹಿರಿಯರು ಅಡ್ಡ ಬರುವುದು ಬೇಡ. ಆದರೆ ಒಂದು ನಿಯಮ ಹಾಕಿ: ಕೆಡವಿದ್ದಕ್ಕೆ ಒಂದು ಅಂಕವಾದರೆ ಎಬ್ಬಿಸಿದ್ದಕ್ಕೆ ಎರಡು. ತಂಡಕ್ಕೊಬ್ಬರಂತೆ ಪಕ್ಕದಲ್ಲಿ ಕೂತು ಕಾಗದದ ಮೇಲೆ ಗೀಟು ಹಾಕುತ್ತ ಹೋದರಾಯಿತು. ಆಟದ ಗಂಧವೇ ಇಲ್ಲದ ಅಪ್ಪಂದಿರಿಗೂ ಆ ಕೆಲಸ ಬರುತ್ತದೆ.